ಎಡಗಡೆ ಹೇಳಿದ ಮಾತು

"ನಿಲ್ಸಿ ಅಂದೆ. ಒಂದ್ಸಲ ಅಲ್ಲ, ಮೂರು ಸಲ. ಕಿವುಡಾ ನೀವು?"

ಗ್ರೈಂಡರಿನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಅವಳು ಕೇಳಿದಳು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ವೆಲ್ಡರ್ ಕನ್ನಡಕವನ್ನು ಹಣೆಗೇರಿಸಿ ತಲೆಯೆತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಬಣ್ಣ ಮಾತ್ರ ಇಳಿದಿತ್ತು.

"ಗ್ರೈಂಡರ್ ಸದ್ದು," ಎಂದ. "ಗೊತ್ತಾಗ್ಲಿಲ್ಲ. ತಪ್ಪಾಯ್ತು."

ಅಷ್ಟು ಸುಲಭವಾಗಿ ತಪ್ಪೊಪ್ಪಿಕೊಂಡವನ ಜೊತೆ ಜಗಳವಾಡುವುದು ಹೇಗೆ? ಅವಳು ಚಾಕ್‌ಪೀಸ್ ತೆಗೆದುಕೊಂಡು, ಕೊಳವೆಯ ಮೇಲೆ ತಾನೇ ತಪ್ಪಾಗಿ ಹಾಕಿದ್ದ ಗುರುತನ್ನು ಉಜ್ಜಿ, ಹೆಬ್ಬೆರಳಿನಷ್ಟು ಆಚೆಗೆ ಹೊಸ ಗೆರೆ ಎಳೆದಳು.

ಗ್ಯಾರೇಜು ಅಪ್ಪನದು. ಮಂಡಿ ನೋವು ಶುರುವಾದ ಮೇಲೆ ಅಪ್ಪ ಬಾಗಿಲ ಬಳಿಯ ಕುರ್ಚಿಗೆ ಸೀಮಿತವಾಗಿದ್ದರು. ಸ್ಪ್ಯಾನರುಗಳೆಲ್ಲ ಮಗಳ ಕೈಗೆ ಬಂದು ನಾಲ್ಕು ವರ್ಷ. ಈ ಸಲ ಬಂದದ್ದು ಹಲ್ಲಿನ ಡಾಕ್ಟರ ಕೆಂಪು ಕಾರು, ಬಾಣದಂತೆ ಓಡುವಂಥದ್ದು. ಅದರ ಇಂಜಿನ್‌ಗೆ ಕಂಪನಿ ಕೊಟ್ಟ ಭಾರದ ಮ್ಯಾನಿಫೋಲ್ಡ್ ಬಿಚ್ಚಿ, ಹೊಸ ಹೆಡರ್ ಕೂರಿಸಬೇಕಿತ್ತು. ಹೊಗೆಯನ್ನು ಸರಾಗವಾಗಿ ಹೊರಗೆಳೆಯುವ ನಾಲ್ಕು ಸ್ಟೀಲ್ ಕೊಳವೆಗಳ ಗೊಂಚಲು ಅದು. ಡಾಕ್ಟರು ತರಿಸಿದ್ದ ಗೊಂಚಲಿನ ಒಂದು ಕೊಳವೆ ಸ್ಟೇರಿಂಗ್ ರಾಡಿಗೆ ತಾಗುತ್ತಿತ್ತು. ಅದನ್ನು ಕತ್ತರಿಸಿ, ತಿರುಗಿಸಿ ಬೆಸೆಯಲು ಅಪ್ಪ ಈ ವೆಲ್ಡರನ್ನು ಕರೆಸಿದ್ದರು.

ನಾಲ್ಕು ದಿನದ ಕೆಲಸ. ಆ ನಾಲ್ಕು ದಿನ ಅವಳ ತಲೆ ಕೆಟ್ಟು ಹೋಯಿತು.

ಒಂದು ಹೊತ್ತು ಅವನು ಬಾಯ್ತುಂಬ ಮಾತಾಡುತ್ತಿದ್ದ. ಕಾರಿನಡಿ ಅಕ್ಕಪಕ್ಕ ಮಲಗಿ ತುಕ್ಕು ಹಿಡಿದ ನಟ್‌ಗಳಿಗೆ ಎಣ್ಣೆ ಬಿಡುವಾಗ, ತನ್ನ ಅಕ್ಕನ ಮನೆಯ ಹಟಮಾರಿ ಬೆಕ್ಕಿನ ಕಥೆ ಹೇಳಿ ನಗಿಸಿದ್ದ. ಅವಳು ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂದು ಒಮ್ಮೆ ಅಂದದ್ದಷ್ಟೇ, ಮರುದಿನ ಅವನು ಅವಳ ಚಹಾವನ್ನು ಬೇರೆ ಲೋಟದಲ್ಲಿ ತಂದ. ಅದೇ ಮನುಷ್ಯ ಮಧ್ಯಾಹ್ನ ಪಕ್ಕದಲ್ಲೇ ನಿಂತು ಏನಾದರೂ ಕೇಳಿದರೆ ಗೋಡೆಯ ಹಾಗೆ ಸುಮ್ಮನಿರುತ್ತಿದ್ದ.

ನಾನೇನು ತಪ್ಪು ಮಾತಾಡಿದೆ? ಅವಳು ರಾತ್ರಿ ಊಟದ ತಟ್ಟೆಯ ಮುಂದೆ ಹಿಂದಿನ ಮಾತುಗಳನ್ನೆಲ್ಲ ಒಂದೊಂದಾಗಿ ತಿರುವಿ ಹಾಕುತ್ತಿದ್ದಳು. ಅಪ್ಪ ಏನಮ್ಮಾ ಎಂದು ಕೇಳಿದರೆ, ಒಂದು ನಟ್ ಬಿಚ್ಚಲು ಆಗುತ್ತಿಲ್ಲ ಎಂದಳು. ಅಪ್ಪ ಯಾವ ನಟ್ಟೋ ಏನೋ ಎಂದು ಸಾರಿಗೆ ಕೈ ಚಾಚಿದರು.

ನಾಲ್ಕನೇ ದಿನ, ಸಂದಿನಲ್ಲಿ ಹೊಗೆ ಸೋರದಂತೆ ಹೊಸ ಗ್ಯಾಸ್ಕೆಟ್ ಇಟ್ಟು ಹೆಡರನ್ನು ಕೂರಿಸಿದರು. ಇಬ್ಬರೂ ಬಾನೆಟ್ಟಿನೊಳಗೆ ಬಾಗಿದ್ದರು. ಅವನ ಬೆಸುಗೆ ಸಣ್ಣ ಜಡೆ ಹೆಣೆದಂತೆ ಸಮವಾಗಿತ್ತು. ಮೂಲೆಯಲ್ಲಿ ಕಂಪ್ರೆಸರ್ ಗೊರಗೊರ ಎನ್ನುತ್ತಿತ್ತು. ಕೆಲಸ ಮುಗಿದರೆ ನಾಳೆಯಿಂದ ಇವನು ಬರುವುದಿಲ್ಲ ಎಂಬುದು ಅವಳಿಗೆ ಒಮ್ಮೆಲೇ ಹೊಳೆಯಿತು. ಕಣ್ಣನ್ನು ನಟ್ಟಿನ ಮೇಲೇ ಇಟ್ಟು, ಮೆಲ್ಲಗೆ ಹೇಳಿಯೇ ಬಿಟ್ಟಳು.

"ಕೆಲಸ ಮುಗಿದ್ರೂ ನೀವು ಬರ್ತಾ ಇರಿ. ನೀವಿದ್ರೆ ನಂಗೆ... ಇಷ್ಟ ಆಗುತ್ತೆ. ನೀವು ಇಷ್ಟ."

ಅವನು ಎರಡನೇ ನಟ್ಟನ್ನು ಬಿಗಿದ. ಮೂರನೆಯದನ್ನೂ ಬಿಗಿದ. ಆಮೇಲೆ ಕೈ ಚಾಚಿದ.

"ಆ ಉದ್ದದ ಸಾಕೆಟ್ ಕೊಡ್ತೀರಾ?"

ಅವಳು ಕೊಟ್ಟಳು. ಕೊಟ್ಟ ಕೈ ತನ್ನದೇ ಅನ್ನಿಸಲಿಲ್ಲ.

ಇದಕ್ಕಿಂತ ಇಲ್ಲ ಅಂದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು. ಕೇಳಿಯೂ ಕೇಳದವನಂತೆ ಸಾಕೆಟ್ ಕೇಳುವುದೆಂದರೆ ಏನರ್ಥ? ಅಲ್ಲಿಂದಾಚೆ ಬೇಕಾದಷ್ಟೇ ಮಾತಾಡಿದಳು. ಅವನು ಎರಡು ಸಲ ಏನೋ ಕೇಳಲು ಬಾಯಿ ತೆರೆದು, ಅವಳ ಮುಖ ನೋಡಿ ಮುಚ್ಚಿಕೊಂಡ. ಸಲಕರಣೆ ಚೀಲ ಹೆಗಲಿಗೇರಿಸಿ ಹೊರಟುಹೋದ.

ಇಂಜಿನ್ ಒಮ್ಮೆ ಕಾದು ಆರಿದ ಮೇಲೆ ಎಂಟೂ ನಟ್‌ಗಳನ್ನು ಮತ್ತೊಮ್ಮೆ ಬಿಗಿಯಬೇಕು. ಅವಳು ಎರಡನ್ನು ಬಿಗಿದಳು. ಅಷ್ಟರಲ್ಲಿ ಕಣ್ಣು ಮಂಜಾಯಿತು, ಉಳಿದ ಆರನ್ನು ಹಾಗೇ ಬಿಟ್ಟಳು. ಡಾಕ್ಟರು ಬಂದರು, ಕಾರು ಹೊರಟಿತು.

ಅದಾದ ಆರನೇ ದಿನ ಬೆಳಿಗ್ಗೆ ಕಾರು ವಾಪಸು ಬಂತು. ಇಂಜಿನ್‌ನಿಂದ ಟಿಕ್ ಟಿಕ್ ಎಂದು ಸದ್ದು. ಎಲ್ಲೋ ಹೊಗೆ ಸೋರುತ್ತಿತ್ತು. ಬೆಸುಗೆ ಒಡೆದಿದೆ, ಎಂಥ ವೆಲ್ಡರನ್ನು ಕರೆಸಿದಿರಿ ಎಂದು ಡಾಕ್ಟರು ಅಪ್ಪನ ಮೇಲೆ ಎಗರಾಡಿದರು. ಅಪ್ಪ ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ಅವನು ಬಂದ. ಡಾಕ್ಟರ ಬೈಗುಳವನ್ನೆಲ್ಲ ನಿಂತು ಕೇಳಿಸಿಕೊಂಡು, ತನ್ನ ಕೆಲಸದಲ್ಲೇ ಲೋಪ ಇರಬಹುದು, ನೋಡುತ್ತೇನೆ ಎಂದ. ಅವಳತ್ತ ನೋಡಲಿಲ್ಲ.

ಅವಳು ಇಂಜಿನ್ ಸ್ಟಾರ್ಟ್ ಮಾಡಿ ಅವನ ಪಕ್ಕಕ್ಕೆ ಬಂದಳು. ಸದ್ದು ಮೊದಲ ಕೊಳವೆಯ ಬುಡದಿಂದ ಬರುತ್ತಿದೆ ಎಂದು ಬಾಗಿದ ತಕ್ಷಣ ಗೊತ್ತಾಗುತ್ತಿತ್ತು. ಆದರೆ ಅವನು ಬೇರೆ ತುದಿಯಿಂದ ಶುರುಮಾಡಿದ್ದ. ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಒಂದೊಂದೇ ಕೊಳವೆಯ ಹತ್ತಿರ ಹಿಡಿಯುತ್ತಿದ್ದ. ಮೈಯನ್ನೆಲ್ಲ ಸೊಟ್ಟಗೆ ತಿರುಚಿಕೊಂಡರೂ ಪೈಪು ಬಲಗಿವಿಯಲ್ಲೇ ಇತ್ತು.

ಅವನು ಪೈಪನ್ನು ಕಿವಿಯಿಂದ ಇಳಿಸಿದಾಗ ಅವಳು ಅವನ ಎಡಗಡೆ ನಿಂತು, ನಿಮ್ಮ ಶೂ ಲೇಸ್ ಬಿಚ್ಚಿದೆ ಎಂದಳು. ಅವನು ಅಲುಗಲಿಲ್ಲ. ಸುತ್ತಿ ಬಲಗಡೆಗೆ ಹೋಗಿ ಅದನ್ನೇ, ಅದೇ ದನಿಯಲ್ಲಿ ಹೇಳಿದಳು. ಅವನು ಬಗ್ಗಿ ಕಾಲು ನೋಡಿಕೊಂಡ.

ಆ ನಾಲ್ಕನೇ ದಿನವೂ ಅವಳು ನಿಂತದ್ದು ಅವನ ಎಡಗಡೆ.

ಇಂಜಿನ್ ಆರಿಸಿದಳು. ಮೊದಲ ಕೊಳವೆಯ ನಟ್‌ಗೆ ಸ್ಪ್ಯಾನರ್ ಹಾಕಿದರೆ ಬೆರಳಿನ ಬಲಕ್ಕೇ ತಿರುಗಿತು. ನೇರ ಡಾಕ್ಟರ ಮುಂದೆ ಹೋಗಿ ನಿಂತಳು. "ಬೆಸುಗೆ ಗಟ್ಟಿಯಾಗಿದೆ ಸಾರ್. ನಟ್ ಬಿಗಿಯದೆ ಕಾರು ಕೊಟ್ಟಿದ್ದು ನಾನು. ಬೈಯೋದಿದ್ರೆ ನಂಗೆ ಬೈರಿ." ಡಾಕ್ಟರು ಬೈಯಲು ಬಾಯಿ ತೆರೆದರು. ಅಪ್ಪ ಅವರನ್ನು ಕುರ್ಚಿಯ ಪಕ್ಕ ಕೂರಿಸಿಕೊಂಡು, ತಮ್ಮ ಅಲುಗುವ ದವಡೆ ಹಲ್ಲಿನ ವಿಚಾರ ತೆಗೆದರು.

ಗ್ಯಾಸ್ಕೆಟ್ ಬದಲಿಸುವಾಗ ಅವಳು ಅವನ ಬಲಗಡೆಯೇ ನಿಂತಳು. ಅದು ಅವನಿಗೆ ಗೊತ್ತಾಯಿತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಏಳನೇ ವಯಸ್ಸಿನಲ್ಲಿ ಬಂದ ಜ್ವರಕ್ಕೆ ಎಡಗಿವಿ ಪೂರ್ತಿ ಹೋಯಿತು ಎಂದ. ಮೊದಲು ಕೆಲಸಕ್ಕಿದ್ದ ಶೆಡ್ಡಿನಲ್ಲಿ ವಿಷಯ ತಿಳಿದ ದಿನವೇ, ಕಿವಿ ಕೇಳದವನ ಕೈಗೆ ಗ್ರೈಂಡರ್ ಕೊಡುವುದಿಲ್ಲ ಎಂದು ಕಳಿಸಿದ್ದರಂತೆ. ಅಂದಿನಿಂದ ಯಾರಿಗೂ ಹೇಳಿಲ್ಲವಂತೆ.

ಮೊದಲ ದಿನ ತಾನು ಕೇಳಿದ ಮಾತು ನೆನಪಾಗಿ ಅವಳಿಗೆ ನೆಲಕ್ಕಿಳಿದು ಹೋದಂತಾಯಿತು. "ಅವತ್ತು ನಾನು ಹಾಗೆ ಕೇಳಬಾರದಿತ್ತು."

"ನೀವು ಸರಿಯಾಗೇ ಕೇಳಿದ್ರಿ. ಸುಳ್ಳು ಹೇಳಿದ್ದು ನಾನು." ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಕೊನೇ ದಿನ ನೀವು ಇದ್ದಕ್ಕಿದ್ದ ಹಾಗೆ ಮಾತು ಬಿಟ್ರಲ್ಲ. ಇವರಿಗೂ ಗೊತ್ತಾಯ್ತು ಅಂದ್ಕೊಂಡೆ. ಆರು ದಿನದಿಂದ ಊಟ ಸೇರಿಲ್ಲ."

ಅವಳು ಅವನನ್ನೇ ನೋಡಿದಳು. ಒಂದೇ ಬಾನೆಟ್ಟಿನಡಿ ನಿಂತು ಇಬ್ಬರೂ ಒಬ್ಬರಿಂದೊಬ್ಬರು ಪೆಟ್ಟು ತಿಂದಿದ್ದರು, ಹೊಡೆದವರೇ ಇರಲಿಲ್ಲ. ನಗು ಬಂತು, ಜೊತೆಗೆ ಅಳುವೂ.

"ಅವತ್ತು ನಾನೊಂದು ಮಾತು ಹೇಳಿದ್ದೆ. ನಿಮ್ಮ ಎಡಗಡೆ ನಿಂತು."

"ಏನಂತ?"

ಮೊದಲ ಸಲಕ್ಕಿಂತ ಈಗ ಹೇಳುವುದು ಕಷ್ಟವಾಗಿತ್ತು. ಈಗ ಅವನು ಕೇಳಿಸಿಕೊಳ್ಳುತ್ತಿದ್ದ. ಅವಳು ಅವನ ಬಲಗಿವಿಯ ಹತ್ತಿರಕ್ಕೆ ಬಾಗಿ ಹೇಳಿದಳು. ಪೂರ್ತಿ ಹೇಳಿದಳು, ಒಂದು ಪದವನ್ನೂ ಬಿಡದೆ.

ಅವನ ಕತ್ತಿನಿಂದ ಕಿವಿಯ ತುದಿಯವರೆಗೆ ಕೆಂಪೇರಿತು.

"ಇನ್ನೊಂದ್ಸಲ ಹೇಳ್ತೀರಾ?"

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದ. "ಅದಕ್ಕೇ."