ತೊರೆಯಾಚೆ ಕೂಗಿದ ಕಪ್ಪೆ

"ಮದುವೆಗೆ ಮುಂಚೆ ಒಂದು ವಿಷಯ ಹೇಳಿಬಿಡ್ಬೇಕು. ಬೈಯೋ ಹಾಗಿಲ್ಲ," ಎಂದ ಸಾಹೇಬ.

ಸಾಹೇಬನೂ ಅಲ್ಲ ಏನೂ ಅಲ್ಲ, ಅರಣ್ಯದ ಗಾರ್ಡ್. ಅದು ನಾನು ತಮಾಷೆಗೆ ಇಟ್ಟ ಹೆಸರು. ಲ್ಯಾಬಿನ ಟೇಬಲ್ ಮೇಲೆ ಮೊಣಕೈ ಊರಿ ನನ್ನನ್ನೇ ನೋಡುತ್ತಿದ್ದ. ಆ ನೋಟಕ್ಕೆ ಕೆನ್ನೆ ಬಿಸಿಯಾಯಿತು.

"ಯಾರು, ಹಳೇ ಗರ್ಲ್‌ಫ್ರೆಂಡಾ?"

"ಅಯ್ಯೋ, ಕಪ್ಪೆ ವಿಷಯ ಕಣೇ."

ಕಪ್ಪೆ ಎಂದರೆ ನನ್ನ ಕಪ್ಪೆ, ಸಂಶೋಧನೆಗೆಂದು ನಾನು ಹುಡುಕುತ್ತಿದ್ದದ್ದು. ಕೆರೆ ಹೊಂಡಗಳ ಹಂಗಿಲ್ಲದೆ ಕಾಡಿನ ನೆಲದಲ್ಲೇ ಬದುಕುವ ಜಾತಿ. ಬಣ್ಣ ಒಣಗಿದ ಎಲೆಯದೇ. ಹೆಣ್ಣು ಒದ್ದೆ ತರಗೆಲೆಯಡಿ ಮೊಟ್ಟೆಯಿಟ್ಟು ಹೊರಟುಬಿಡುತ್ತದೆ, ಕಾವಲು ಕೂರುವುದು ಗಂಡು. ಮರಿಗಳು ಈಜುವುದೇ ಇಲ್ಲ, ಮೊಟ್ಟೆಯೊಳಗೇ ಕಾಲು ಮೂಡಿಸಿಕೊಂಡು ಹೊರಬರುತ್ತವೆ. ಸಂಜೆ ಹೊತ್ತು ಗಂಡು "ಟಕ್, ಟಕ್" ಎನ್ನುತ್ತದೆ. ಆ ಸದ್ದು ಕೇಳಿ ವರ್ಷಗಳೇ ಆಗಿದ್ದವು. ನಿರ್ನಾಮವಾಯಿತು ಎಂದು ಎಲ್ಲರೂ ಕೈತೊಳೆದುಕೊಂಡಿದ್ದರು.

ಹೋದ ಮಳೆಗಾಲದಲ್ಲಿ ನಾವಿಬ್ಬರೂ ತೊರೆಯ ಈಚೆ ಒಬ್ಬರು, ಆಚೆ ಒಬ್ಬರು ಕೂತು ಕಿವಿಗೊಟ್ಟೆವು. ನಾನು ನಾಲಿಗೆಯಿಂದ "ಟಕ್" ಎಂದೆ. ಆಚೆಯಿಂದ ಉತ್ತರ ಬಂತು, ನನ್ನ ರೆಕಾರ್ಡರಿನಲ್ಲೂ ದಾಖಲಾಯಿತು! ಓಡಿಹೋಗಿ ಅವನನ್ನು ತಬ್ಬಿಕೊಂಡು ಅತ್ತೆ. ನಮ್ಮ ಪ್ರೀತಿ ಶುರುವಾದದ್ದೇ ಅಲ್ಲಿಂದ. ನನ್ನ ರೆಕಾರ್ಡಿಂಗ್ ನಂಬಿ ಇಲಾಖೆಯವರು ಆ ಕಾಡಿನಲ್ಲಿ ಮರ ಕಡಿಯುವುದನ್ನೂ ನಿಲ್ಲಿಸಿದರು.

"ಅವತ್ತು ಕೂಗಿದ್ದು ನಾನು," ಎಂದ. "ನಿನ್ನ ಮುಖ ಬಾಡಿತ್ತು. ಸುಮ್ನೆ ರೇಗಿಸೋಣ ಅಂತ... ನೀನು ಅಳ್ತಾ ಬಂದು ತಬ್ಕೊಂಡ್ಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ.

"ಇಷ್ಟು ದಿನ?"

"ಬಿಟ್ಟುಹೋಗ್ತೀಯ ಅಂತ ಭಯ. ಸುಳ್ಳಿಟ್ಕೊಂಡು ಮದುವೆ ಆಗೋಕೂ ಮನಸ್ಸು ಬರ್ಲಿಲ್ಲ. ಬೇರೆ ಯಾರಿಗೂ ಗೊತ್ತಾಗಲ್ಲ ಕಣೇ. ಕಾಡೂ ಉಳಿಯುತ್ತೆ."

ಹೌದು, ಬಾಯಿ ಮುಚ್ಚಿಕೊಂಡಿದ್ದರೆ ಕಾಡು ಉಳಿಯುತ್ತಿತ್ತು, ಮದುವೆಯೂ ಆಗುತ್ತಿತ್ತು. ಆದರೆ ಇಲ್ಲದ ಕಪ್ಪೆಯನ್ನು ಇದೆ ಎನ್ನುತ್ತಾ ಬದುಕುವುದು ನನ್ನಿಂದಾಗದು. ನನ್ನ ಸಂಶೋಧನೆ ನೋಡಿಕೊಳ್ಳುವ ಪ್ರೊಫೆಸರಿಗೆ ಫೋನ್ ಮಾಡಿದೆ. ಸಾಹೇಬನ ಮುಖ ಬಿಳುಚಿಕೊಂಡಿತು.

"ಸರ್, ಆ ರೆಕಾರ್ಡಿಂಗಲ್ಲಿರೋದು ಕಪ್ಪೆ ಅಲ್ಲ."

"ಏನಮ್ಮಾ ಹೇಳ್ತಿದೀಯ? ಮತ್ತೆ ಕೂಗಿದ್ದು ಯಾರು?"

ಇವನು ಎಂದಿದ್ದರೆ ಸಂಜೆಯೊಳಗೆ ಇವನ ಕೆಲಸ ಹೋಗುತ್ತಿತ್ತು. ಹಾಳಾದ ಪ್ರೀತಿ, ಹೇಳಲು ಬಿಡಲಿಲ್ಲ.

"ನಂದೇ ತಪ್ಪು ಸರ್. ನನ್ನ ಸದ್ದೇ ಎಕೋ ಆಗಿತ್ತು, ಗೊತ್ತಾಗ್ಲಿಲ್ಲ."

ಅವರು ಬೈದದ್ದನ್ನೆಲ್ಲ ಕೇಳಿಸಿಕೊಂಡು ಫೋನ್ ಇಟ್ಟೆ. ಅವನು ನನ್ನ ಕೈ ಹಿಡಿಯಲು ಬಂದ.

"ನಿನ್ನ ಕೆಲಸ ಉಳೀತಲ್ಲ, ಹೋಗು," ಎಂದೆ. "ಇನ್ಮೇಲೆ ನನ್ನ ಕಣ್ಣಿಗೆ ಬೀಳ್ಬೇಡ."

ಒಂದೇ ಒಂದು ಸಲ ಹೋಗಲ್ಲ ಎಂದಿದ್ದರೆ ಸಾಕಿತ್ತು. ಟೋಪಿ ಎತ್ತಿಕೊಂಡು ಹೊರಟೇಬಿಟ್ಟ, ಅಯೋಗ್ಯ.