ಒದ್ದೆಯಾಗದ ಜಾಗ

ಅಣ್ಣ ತೀರಿಹೋದ ಮೇಲೆ ಅವನ ಕಾರು ಮಾರಲು ಅತ್ತಿಗೆ ಒಪ್ಪಿದ್ದರು. ಕೊಳ್ಳುವವರು ಸಂಜೆ ಬರುವುದಿತ್ತು. ಒಳಗಡೆಯಿಂದ ಗಾಜು ಒರೆಸುವ ಕೆಲಸ ನನಗೆ ಬಿತ್ತು.

“ಸ್ಪ್ರೇನ ಬಟ್ಟೆಗೆ ಹೊಡಿಯೋ, ಕತ್ತೆ, ಗಾಜಿಗಲ್ಲ! ಡ್ಯಾಶ್‌ಬೋರ್ಡಿಗೆ ಸ್ನಾನ ಮಾಡಿಸ್ತೀಯಾ?” ಅಂತ ಅಣ್ಣನ ದನಿಯಲ್ಲೇ ಅಣಕಿಸಿದೆ.

“ಸುಮ್ನಿರೋ, ಮೈ ಜುಮ್ಮನ್ನುತ್ತೆ,” ಎಂದರು ಅತ್ತಿಗೆ.

ಬೇಕಂತಲೇ ಗಾಜಿಗೇ ಸ್ಪ್ರೇ ಹೊಡೆದೆ. ಆ ಸುಡು ಮಧ್ಯಾಹ್ನದಲ್ಲೂ ಮೊಣಕೈ ತಣ್ಣಗಾಯಿತು. ಡ್ಯಾಶ್‌ಬೋರ್ಡಿನ ತುಂಬ ಹನಿ ಕೂತಿತು, ಒಂದು ಅಂಗೈಯಗಲ ಒಣ ಜಾಗ ಬಿಟ್ಟು. ಐದು ಬೆರಳೂ ಸ್ಪಷ್ಟ. ನಾನು ಹೀಗೆ ಹೊಡೆದಾಗಲೆಲ್ಲ ಅಣ್ಣ ಅಲ್ಲಿ ಕೈ ಅಡ್ಡ ಇಡುತ್ತಿದ್ದ; ಹನಿಯೆಲ್ಲ ಅವನ ಕೈ ಮೇಲೆ ಕೂರುತ್ತಿತ್ತು. ಒರೆಸಿ ಮತ್ತೆ ಹೊಡೆದೆ. ಮತ್ತೆ ಅದೇ ಕೈ, ಸ್ವಲ್ಪ ನನ್ನ ಕಡೆಗೆ ಸರಿದಿತ್ತು.

ಅತ್ತಿಗೆ ಪಕ್ಕದಲ್ಲಿ ಬಂದು ಕೂತು, ಆ ಒಣ ಜಾಗದೊಳಗೆ ತಮ್ಮ ಪುಟ್ಟ ಅಂಗೈ ಇಟ್ಟರು. “ಕಾರು ಕೊಳ್ಳೋರಿಗೆ ಬರಬೇಡಿ ಅಂತ ಹೇಳಿಬಿಡು.”

ಕೈ ಎತ್ತಿದರು. ಜಾಗ ಒಣಗಿಯೇ ಇತ್ತು. ಅವರ ಅಂಗೈ ಒದ್ದೆಯಾಗಿತ್ತು.