ಸುಳಿಯ ಕೊನೆಯ ಸಾಲು

ಪ್ರತಿ ಗುರುವಾರ ಮಧ್ಯಾಹ್ನ ನರಸೀಪುರದ ಬಸ್ಸು ನಂಜನಗೂಡಿಗೆ ಬಂದು ನಿಂತ ಎರಡೇ ನಿಮಿಷಕ್ಕೆ ಕಂಡಕ್ಟರ್ ನಿಂಗರಾಜು ಮಂಗಳಗೌರಿಯ ಟೈಪಿಂಗ್ ಅಂಗಡಿಯ ಮೆಟ್ಟಿಲ ಮೇಲಿರುತ್ತಿದ್ದ. ಕಂಕುಳಲ್ಲಿ ಒಂದು ಖಾಕಿ ಪಾಕೀಟು. ಐದು ವರ್ಷದಿಂದ ಈ ಪದ್ಧತಿ ತಪ್ಪಿರಲಿಲ್ಲ.

"ತಗೊಳ್ಳಿ ಮೇಡಂ, ನಿಮ್ ಮೇಷ್ಟ್ರು ಬುತ್ತಿ ಕಳ್ಸವ್ರೆ," ಎಂದು ಅವನು ಪಾಕೀಟನ್ನು ಕೀಬೋರ್ಡಿನ ಪಕ್ಕ ಇಟ್ಟ. "ಈ ಸಲ ಅಗುರಾಗೈತೆ. ಉಸಾರಿಲ್ವಾ ಮೇಷ್ಟ್ರೇ ಅಂತ ಕೇಳ್ದೆ. ಮುಗೀತು ಕಣಯ್ಯ ನಿಂಗರಾಜು ಅಂದ್ರು."

"ಏನು ಮುಗೀತಂತೆ?"

"ಕತೆ. ಇನ್ನೇನ್ ಮುಗೀತದೆ?"

ಗೌರಿ ಅವನಿಗೆ ನೀರಿನ ಲೋಟ ಕೊಟ್ಟಳು. ಅವನು ಕುಡಿದು ಹೋದ ಮೇಲೆ ಪಾಕೀಟಿನ ಬಾಯಿ ಬಿಡಿಸಿದಳು. ಹದಿನಾರು ಹಾಳೆ. ಮೇಲೆ ಗುಂಡುಸೂಜಿ ಚುಚ್ಚಿದ ಒಂದು ಚೀಟಿ. "ಇದು ಕೊನೆಯ ಅಧ್ಯಾಯ. ಇನ್ನು ಮುಂದೆ ನಿಮಗೆ ನನ್ನಿಂದ ತೊಂದರೆ ಇಲ್ಲ. — ರಾಚಯ್ಯ."

ಚೀಟಿಯನ್ನು ಎರಡು ಸಲ ಓದಿದಳು. ಹಾಳೆಗಳನ್ನು ಮತ್ತೆ ಪಾಕೀಟಿನೊಳಗೆ ತಳ್ಳಿ ಡ್ರಾಯರಿಗೆ ಹಾಕಿ, ಯಾರದೋ ಗೃಹಪ್ರವೇಶದ ಕಾರ್ಡು ಟೈಪು ಮಾಡಲು ಕೂತಳು. "ತಮ್ಮ ಆಗಮನವನ್ನೇ ಬಯಸುವ" ಎನ್ನುವಲ್ಲಿಗೆ ಬಂದಾಗ ಬೆರಳು ನಿಂತಿತು. ತೊಂದರೆ ಇಲ್ಲವಂತೆ. ಎಷ್ಟು ಸಲೀಸಾಗಿ ಬರೆದುಬಿಟ್ಟರು.

ನರಸೀಪುರದ ಪಕ್ಕದ ಸೋಸಲೆಯ ಹೈಸ್ಕೂಲಿನಲ್ಲಿ ರಾಚಯ್ಯ ವಿಜ್ಞಾನದ ಮೇಷ್ಟ್ರು. ಹೆಂಡತಿ ತೀರಿಕೊಂಡ ವರ್ಷ ತರಗತಿಯಲ್ಲಿ ಪಾಠ ಬಾಯಿಗೆ ಬರದೆ ಮಕ್ಕಳಿಗೆ ಒಂದು ಕತೆ ಹೇಳಲು ಶುರು ಮಾಡಿದರಂತೆ. ಅದು ಬೆಳೆದು "ಮೂರು ನೀರಿನ ಮಕ್ಕಳು" ಎಂಬ ಪುಸ್ತಕದ ಸರಣಿಯಾಯಿತು. ನರಸೀಪುರದಲ್ಲಿ ಕಪಿಲೆ ಕಾವೇರಿಗೆ ಸೇರುವ ಕಡೆ ಕಣ್ಣಿಗೆ ಕಾಣದ ಮೂರನೆಯ ನೀರೊಂದಿದೆ ಎಂದು ಜನ ನಂಬುತ್ತಾರಲ್ಲ, ಆ ಕಾಣದ ನೀರನ್ನೇ ಮೇಷ್ಟ್ರು ಹುಡುಗಿ ಮಾಡಿದ್ದರು. ಅವಳ ಹೆಸರು ಸುಳಿ. ಹೊನ್ನಿ, ಕಪಿಲ ಅವಳ ಗೆಳೆಯರು. ಮೊದಲ ಪುಸ್ತಕದಲ್ಲೇ ಆ ಇಬ್ಬರನ್ನು ಬಿಡಿಸಿಕೊಳ್ಳಲು ಸುಳಿ ತನ್ನ ರೂಪವನ್ನು ಮರೆವಿನ ದೊರೆಗೆ ಒಪ್ಪಿಸಿಬಿಡುತ್ತಾಳೆ. ಅಲ್ಲಿಂದಾಚೆ ಅವಳಿಗೆ ದನಿಯಷ್ಟೇ. ಗೆಳೆಯರು ಹೋದ ಕಡೆಯೆಲ್ಲ ಊಟಕ್ಕೆ ಮೂರು ಎಲೆ ಹಾಕುತ್ತಾರೆ. ಒಂದು ಎಲೆ ಹಾಕಿದ ಹಾಗೇ ಉಳಿಯುತ್ತದೆ. ನಾಲ್ಕು ಪುಸ್ತಕ ಅವಳ ರೂಪವನ್ನು ಹುಡುಕುತ್ತಲೇ ಕಳೆದಿದ್ದವು. ಇದು ಐದನೆಯದು.

ಮೇಷ್ಟ್ರ ಕೈಬರಹ ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಿದಂತೆ ಇತ್ತು. ಮೊದಲ ಸಲ ಅಂಗಡಿಗೆ ಬಂದಾಗ ಗೌರಿ ಹಾಳೆ ನೋಡಿ, "ಮೇಷ್ಟ್ರಾಗಿ ಈ ಅಕ್ಷರಾನಾ?" ಎಂದು ಕೇಳಿಯೇ ಬಿಟ್ಟಿದ್ದಳು. "ಬೋರ್ಡ್ ಮೇಲೆ ಚೆನ್ನಾಗಿ ಬರೀತೀನಿ ಕಣ್ರೀ," ಎಂದು ಅವರು ತಲೆ ತಗ್ಗಿಸಿದ್ದರು.

ಓದಲಾಗದ ಪದ ಬಂದರೆ ಅಲ್ಲಿ ಮೂರು ನಕ್ಷತ್ರ ಹಾಕುವುದು ಗೌರಿಯ ಕ್ರಮ. ಪ್ರಿಂಟು ತೆಗೆದು ನರಸೀಪುರಕ್ಕೆ ಕಳಿಸಿದರೆ ಮೇಷ್ಟ್ರು ನಕ್ಷತ್ರದ ತಲೆಯ ಮೇಲೆ ಕೆಂಪಿನಲ್ಲಿ ಪದ ಬರೆದು ವಾಪಸ್ಸು ಕಳಿಸುತ್ತಿದ್ದರು. ಮೊದಲ ಪುಸ್ತಕದಲ್ಲಿ ನೂರ ಹನ್ನೆರಡು ನಕ್ಷತ್ರ. ಎಲ್ಲವೂ ನಿಜವಾದವು.

ಎರಡನೆಯ ಪುಸ್ತಕದ ಅರ್ಧಕ್ಕೆ ಬರುವ ಹೊತ್ತಿಗೆ ಆ ಇರುವೆಗಳ ಓಟ ಗೌರಿಗೆ ಬಾಯಿಪಾಠವಾಗಿತ್ತು. ಯಾವ ಪದವೂ ಅವಳಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆದರೂ ನಕ್ಷತ್ರ ನಿಲ್ಲಲಿಲ್ಲ. ನಕ್ಷತ್ರ ಇಲ್ಲದಿದ್ದರೆ ಪಾಕೀಟು ಇನ್ನೊಂದು ಸಲ ಹೋಗಿಬರುವ ಕಾರಣವಿರಲಿಲ್ಲ. ಫೋನಿನಲ್ಲಿ ಫೋಟೋ ಕಳಿಸಲೇ ಎಂದು ಮೇಷ್ಟ್ರು ಒಮ್ಮೆ ಕೇಳಿದಾಗಲೂ, "ಫೋಟೋದಲ್ಲಿ ಇನ್ನೂ ಮಸುಕಾಗುತ್ತೆ ಸಾರ್," ಎಂದು ಸುಳ್ಳು ಹೇಳಿದ್ದಳು.

ಗೌರಿ ಕಳ್ಳತನವನ್ನು ಜಾಗ್ರತೆಯಿಂದಲೇ ಮಾಡುತ್ತಿದ್ದಳು. ಒತ್ತಕ್ಷರ ಇರುವ, ಸ್ವಲ್ಪ ಚಿತ್ತಾದ ಪದಗಳನ್ನೇ ಆರಿಸುತ್ತಿದ್ದಳು. ನಾಲ್ಕನೆಯ ಪುಸ್ತಕದಲ್ಲಿ ಮಾತ್ರ ಎಚ್ಚರ ತಪ್ಪಿ "ಮನೆ" ಎನ್ನುವ ಪದಕ್ಕೆ ನಕ್ಷತ್ರ ಹಾಕಿಬಿಟ್ಟಿದ್ದಳು. ಮೇಷ್ಟ್ರು ಏನೂ ಕೇಳದೆ ಒಂದನೇ ಕ್ಲಾಸಿನ ಮಕ್ಕಳಿಗೆ ಬರೆದುಕೊಡುವಂತೆ ದಪ್ಪಗೆ, ದುಂಡಗೆ "ಮನೆ" ಎಂದು ಬರೆದು ಕಳಿಸಿದ್ದರು. ಅದನ್ನು ನೋಡಿ ಅವಳು ಒಬ್ಬಳೇ ನಕ್ಕಿದ್ದಳು. ಆ ಹಾಳೆಯನ್ನು ಎಸೆದಿರಲಿಲ್ಲ.

ಮದುವೆಯಾಗಿ ಎಂಟು ತಿಂಗಳಿಗೆ ತವರಿಗೆ ವಾಪಸ್ಸು ಬಂದವಳು ಗೌರಿ. ಕೋರ್ಟಿನ ಕಾಗದವೆಲ್ಲ ಮುಗಿದು ಹದಿಮೂರು ವರ್ಷವಾಗಿತ್ತು. ಜನ ಮೊದಮೊದಲು ಕೇಳುತ್ತಿದ್ದರು, ಆಮೇಲೆ ಕನಿಕರಪಟ್ಟರು, ಆಮೇಲೆ ಮರೆತರು. ಮರೆತದ್ದೇ ಹಿತವಾಗಿತ್ತು. ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅವಳ ವಾಸ. ಊಟವನ್ನು ಒಲೆಯ ಪಕ್ಕ ನಿಂತೇ ಮುಗಿಸುತ್ತಿದ್ದಳು. ಒಬ್ಬಳಿಗಾಗಿ ಕೂತು ಬಡಿಸಿಕೊಳ್ಳುವುದು ಯಾರೂ ನೋಡದ ನಾಟಕದ ಹಾಗೆ ಅನ್ನಿಸುತ್ತಿತ್ತು. ವಾರದಲ್ಲಿ ಆರು ದಿನ ಅವಳು ಅಫಿಡವಿಟ್ಟು, ತಿಥಿ ಕಾರ್ಡು, ರೇಷನ್ ಅರ್ಜಿ. ಗುರುವಾರ ಮಾತ್ರ ಯಾರೋ ಅವಳಿಗೆಂದೇ ಕೆಂಪಿನಲ್ಲಿ ನಾಲ್ಕು ಪದ ಬರೆದಿರುತ್ತಿದ್ದರು.

ಟೈಪು ಮಾಡಿದರೆ ಅದೂ ಮುಗಿಯಿತು. ಹಾಗಾಗಿ ಪಾಕೀಟು ನಾಲ್ಕು ದಿನ ಡ್ರಾಯರಿನಲ್ಲೇ ಇತ್ತು.

ಸೋಮವಾರ ಹೆಮ್ಮರಗಾಲದ ಬಿಂದುಶ್ರೀ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಬಂದಳು. ಪಿಯುಸಿ ಹುಡುಗಿ, ಸರಣಿಯ ನಾಲ್ಕು ಪುಸ್ತಕವನ್ನೂ ಬೈಂಡು ಕಿತ್ತು ಹೋಗುವಷ್ಟು ಓದಿದವಳು.

"ಆಂಟಿ, ಲಾಸ್ಟ್ ಪಾರ್ಟ್ ಬಂತಾ?"

"ಬಂದಿದೆ."

"ಸುಳಿ ಏನಾಯ್ತಾಳೆ?"

"ಓದಿಲ್ಲ ಇನ್ನೂ."

ಹುಡುಗಿ ಅವಳನ್ನೇ ನೋಡಿದಳು. "ಬಂದೈತೆ, ಓದಿಲ್ಲ. ನಾನಾಗಿದ್ರೆ ಅನ್ನ ಬಿಟ್ಟು ಓದ್ತಿದ್ದೆ. ಅವಳು ತ್ಯಾಗ ಮಾಡಿ ನೀರಾಗ್ಬಿಟ್ಳು ಅಂತ ಮಾತ್ರ ಬರೀಬೇಡಿ ಅಂತ ಸಾರ್‌ಗೆ ಹೇಳಿ ಆಂಟಿ. ಎಲ್ಲಾ ಕತೇಲೂ ಅದೇ. ಒಳ್ಳೆಯವಳು ಅಂದ್ರೆ ಕಾಣಿಸ್ಬಾರ್ದಾ?"

ಗೌರಿ ಅರ್ಜಿಯ ಪ್ರಿಂಟು ತೆಗೆದು ಅವಳ ಕೈಗಿಟ್ಟಳು. ಹುಡುಗಿ ಹೋದ ಮೇಲೆ ಶಟರನ್ನು ಅರ್ಧ ಎಳೆದು ಪಾಕೀಟು ಹೊರಗೆ ತೆಗೆದಳು.

ಅಧ್ಯಾಯದಲ್ಲಿ ಮೂವರೂ ಸಂಗಮಕ್ಕೆ ಬಂದಿದ್ದರು. ಮರೆವಿನ ದೊರೆ ಮರಳಿನ ಮೇಲೆ ಕೂತು ಷರತ್ತು ಹಾಕಿದ್ದ. ಸುಳಿಯ ಬಗ್ಗೆ ಯಾರೂ ಹೇಳಿಕೊಡದ ಮೂರು ನಿಜ ಹೇಳಬೇಕು. ಒಂದು ಸುಳ್ಳಾದರೂ ಅವಳು ಎಂದೆಂದಿಗೂ ನೀರು. ಹೊನ್ನಿ ಹೆದರಿ ಸುಮ್ಮನಾದಳು. ಕಪಿಲ ಮುಂದೆ ಬಂದ.

"ರೊಟ್ಟಿ ಮುರಿದರೆ ಅವಳು ಚಿಕ್ಕ ತುಂಡನ್ನೇ ತಾನು ಇಟ್ಟುಕೊಳ್ಳುತ್ತಾಳೆ," ಎಂದ ಕಪಿಲ. "ಆದರೆ ಅದನ್ನು ಎಲ್ಲರಿಗಿಂತ ನಿಧಾನವಾಗಿ ತಿನ್ನುತ್ತಾಳೆ, ಬೇಗ ಮುಗಿಯದಿರಲಿ ಎಂದು." ದೊರೆಯ ಕಿರೀಟದಿಂದ ಒಂದು ಹರಳು ಉದುರಿತು.

ಗೌರಿ ಟೈಪು ಮಾಡುತ್ತಾ ಹೋದಳು. ಮೂರನೆಯ ಪುಸ್ತಕದ ಸಮಯದಲ್ಲಿ ಕಂಪ್ಯೂಟರು ಕೆಟ್ಟು ಕೆಲಸವೆಲ್ಲ ಅಳಿಸಿಹೋದಾಗ, ಮೇಷ್ಟ್ರು ರಜೆ ಹಾಕಿ ಬಂದು ಇಡೀ ದಿನ ಪಕ್ಕದಲ್ಲಿ ಕೂತು ಓದಿ ಹೇಳಿದ್ದರು. ಟೀ ಜೊತೆ ಒಂದೇ ಬಿಸ್ಕತ್ತು ಉಳಿದಿತ್ತು. ಅವಳು ಮುರಿದು ಕೊಟ್ಟಿದ್ದಳು. ಅದು ನೆನಪಾಯಿತು, ಇರಲಿ ಎಂದುಕೊಂಡಳು.

"ಹಬ್ಬದ ಸಭೆಯಲ್ಲಿ ಅವಳು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂರುತ್ತಾಳೆ. ಚಪ್ಪಾಳೆ ಮುಗಿಯುವ ಮೊದಲೇ ಎದ್ದು ಹೋಗುತ್ತಾಳೆ. ಯಾರೂ ನೋಡಲಿಲ್ಲ ಎಂದುಕೊಳ್ಳುತ್ತಾಳೆ."

ಬೆರಳು ನಿಂತಿತು. ನಾಲ್ಕನೆಯ ಪುಸ್ತಕದ ಬಿಡುಗಡೆ ಮೈಸೂರಿನಲ್ಲಿತ್ತು. ಅವಳು ಹೋದದ್ದು ಯಾರಿಗೂ ಗೊತ್ತಿಲ್ಲ. ನೀಲಿ ಸೀರೆ ಉಟ್ಟು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಮೇಷ್ಟ್ರು ತಲೆ ಎತ್ತುವಷ್ಟರಲ್ಲಿ ಎದ್ದು ಬಸ್ಸು ಹಿಡಿದಿದ್ದಳು.

ಮೂರನೆಯದನ್ನು ಟೈಪು ಮಾಡದೆ, ಹಾಳೆಯನ್ನೇ ಕಣ್ಣಿನ ಹತ್ತಿರ ಹಿಡಿದು ಓದಿದಳು.

"ಕಾಣುವುದನ್ನೇ ಕಾಣುತ್ತಿಲ್ಲ ಎನ್ನುತ್ತಾಳೆ. ನಾವು ಇನ್ನೊಂದು ಸಲ ಬರಲಿ ಎಂದು."

ಮೊದಲು ಬಂದದ್ದು ನಾಚಿಕೆ. ಎದ್ದು ಹೋಗಿ ಶಟರನ್ನು ಪೂರ್ತಿ ಎಳೆದಳು. ನಾಲ್ಕು ವರ್ಷದ ಕಳ್ಳತನ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದೊಂದು ನಕ್ಷತ್ರದ ಮೇಲೂ ತಾಳ್ಮೆಯಿಂದ ಪದ ಬರೆದಿದ್ದರು. ಕತ್ತಲಾದ ಅಂಗಡಿಯಲ್ಲಿ ಅವಳಿಗೆ ಬೇರೆಯೇ ಒಂದು ಲೆಕ್ಕ ಹೊಳೆಯಿತು. ಅವಳಂತೆಯೇ ಅವರೂ ಬೇಕೆಂದೇ ಅಷ್ಟೂ ಪಾಕೀಟು ಕಳಿಸಿದ್ದರು.

ಕತೆಯಲ್ಲಿ ದೊರೆ ಮರಳಾಗಿ ಕುಸಿದ. ನೀರಿನಿಂದ ಮೊದಲು ಒಂದು ಕೈ ಬಂತು, ಆಮೇಲೆ ಒದ್ದೆ ಜಡೆ, ಆಮೇಲೆ ಇಡೀ ಹುಡುಗಿ. ಹೊನ್ನಿ ಓಡಿಹೋಗಿ ತಬ್ಬಿಕೊಂಡಳು. ಕಪಿಲ ಹತ್ತಿರ ಬರಲು ಅಂಜಿ ದೂರವೇ ನಿಂತ. ಸುಳಿ ಅವನನ್ನು ನೋಡಿದಳು. ಬಾಯಿ ತೆರೆದಳು. ರೂಪ ಕಳೆದುಕೊಂಡ ಮೇಲೆ ಮೊದಲ ಬಾರಿಗೆ ಅವಳ ತುಟಿ ಅಲುಗುವುದನ್ನು ಅವರು ಕಂಡರು. ಅವಳು ಹೇಳಿದಳು:

ಅಲ್ಲಿಗೆ ಮೇಷ್ಟ್ರ ಬರಹ ಮುಗಿದಿತ್ತು. ಕೆಳಗೆ, ಕೆಂಪು ಮಸಿಯಲ್ಲಿ, ಮೂರು ನಕ್ಷತ್ರ. ಅಂಚಿನಲ್ಲಿ ಬೋರ್ಡಿನ ಮೇಲೆ ಬರೆಯುವಂಥ ದುಂಡು ಅಕ್ಷರ: "ಈ ಮಾತು ನನಗೆ ಓದಲಾಗುತ್ತಿಲ್ಲ."

ಮೂರು ದಿನ ಗೌರಿ ಸುಳಿಯ ಬಾಯಿಗೆ ಮಾತು ಹುಡುಕಿದಳು. "ನಾನು ಇಲ್ಲೇ ಇದ್ದೆ" ಎಂದು ಬರೆದಳು, ದೂರಿದಂತಾಯಿತು. "ನಿಮ್ಮನ್ನು ಎಂದೂ ಮರೆಯೆ" ಎಂದು ಬರೆದಳು. ತಾನು ಟೈಪು ಮಾಡುವ ಬೀಳ್ಕೊಡುಗೆ ಕಾರ್ಡಿನಂತೆ ಕಂಡಿತು. ಗುರುವಾರ ಬೆಳಿಗ್ಗೆ ಒಲೆಯ ಪಕ್ಕ ನಿಂತು ಉಪ್ಪಿಟ್ಟು ತಿನ್ನುತ್ತಿದ್ದವಳು ಅರ್ಧಕ್ಕೆ ತಟ್ಟೆ ಇಟ್ಟು ಕೆಳಗಿಳಿದು ಬಂದು, ಒಂದು ಸಾಲು ಟೈಪು ಮಾಡಿ, ಪ್ರಿಂಟು ತೆಗೆದಳು.

ಮಧ್ಯಾಹ್ನ ಮೂರೂವರೆಗೆ ನಿಂಗರಾಜು ಪಾಕೀಟು ಕೇಳಲು ಬಂದಾಗ ಅವಳು ಅಂಗಡಿಗೆ ಬೀಗ ಹಾಕುತ್ತಿದ್ದಳು. ನೀಲಿ ಸೀರೆ ಉಟ್ಟಿದ್ದಳು.

"ನಾನೇ ಬರ್ತೀನಿ ಈ ಸಲ."

ನಿಂಗರಾಜು ಅವಳನ್ನು ನೋಡಿದ, ಪಾಕೀಟು ನೋಡಿದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಬಿಡಿಸಿಕೊಟ್ಟು, "ಪಾಕೀಟ್ಗೆ ಟಿಕೆಟ್ ಇಲ್ಲ ಮೇಡಂ, ಮನ್ಸರಿಗೈತೆ," ಎಂದು ಕೈ ಚಾಚಿದ.

ಹೊರಗೆ ನಾಲೆ, ಭತ್ತದ ಗದ್ದೆ, ಮತ್ತೆ ನಾಲೆ. ವಾಪಸ್ಸು ಇಳಿದುಬಿಡೋಣ ಎಂದು ಅವಳಿಗೆ ಎರಡು ಸ್ಟಾಪಿನಲ್ಲಿ ಅನ್ನಿಸಿತು. ಕತೆಯ ಹುಡುಗಿಗೆ ರೂಪ ಕೊಡುವುದು ಸುಲಭ. ನಲವತ್ತರ ಹತ್ತಿರದ ಹೆಂಗಸು ಕರೆಯದೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ? ಪಾಕೀಟಿನ ಅಂಚು ಬೆವರಿಗೆ ಮೆತ್ತಗಾಗಿತ್ತು.

ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ರಾಚಯ್ಯ ಸ್ಕೂಟರಿಗೆ ಒರಗಿ ನಿಂತಿದ್ದರು, ಕೈಯಲ್ಲಿ ಹೆಲ್ಮೆಟ್ಟು. ಕಿವಿಯ ಪಕ್ಕ ನರೆ ಹೆಚ್ಚಾಗಿತ್ತು. ಅವರ ಕಣ್ಣು ಕಂಡಕ್ಟರನ ಕಂಕುಳನ್ನು ಹುಡುಕುತ್ತಿತ್ತು.

"ಮೇಷ್ಟ್ರೇ," ಎಂದ ನಿಂಗರಾಜು ಬಾಗಿಲಲ್ಲಿ ನಿಂತು, "ಈ ಸಲ ಪಾಕೀಟು ನಡ್ಕೊಂಡೇ ಬಂದೈತೆ. ಇಳಿಸ್ಕಳಿ."

ಗೌರಿ ಇಳಿದಳು. ಮೇಷ್ಟ್ರು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಒಂದು ಪದ ಓದೋಕಾಗ್ಲಿಲ್ಲ, ಅದಕ್ಕೆ..." ಎಂದು ರೂಢಿಯಂತೆ ಶುರು ಮಾಡಿದವಳು ನಿಲ್ಲಿಸಿದಳು. "ಸುಳ್ಳು. ಎಲ್ಲಾ ಓದೋಕಾಗುತ್ತೆ ನಂಗೆ. ಎರಡನೇ ಪುಸ್ತಕದಿಂದ್ಲೇ."

"ಗೊತ್ತು."

"ಗೊತ್ತಿದ್ರೆ ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನಿಲ್ಲಿಸಿಬಿಡ್ತೀರಿ ಅಂತ ಭಯ ಇತ್ತು ಕಣ್ರೀ."

"ಮತ್ತೆ ಚೀಟೀಲಿ ಇನ್ನು ತೊಂದರೆ ಇಲ್ಲ ಅಂತ ಬರೆದಿದ್ರಿ."

"ಅದನ್ನ ಬರೆದು ಒಂದು ವಾರದಿಂದ ನಾನು ಪಟ್ಟ ತೊಂದರೆ ಶಿವನಿಗೇ ಗೊತ್ತು," ಎಂದರು ರಾಚಯ್ಯ. "ಅತಿ ಬುದ್ಧಿವಂತಿಕೆ ಮಾಡೋಕೆ ಹೋದೆ. ಹಾಳೆ ಕಳಿಸಿದ ಮೇಲೆ, ನೀವು ಪ್ರಿಂಟಿಗೆ ಸೀದಾ ಕಳಿಸಿ ಸುಮ್ಮನಾಗ್ಬಿಟ್ರೆ ಅಂತ ದಿಗಿಲಾಯ್ತು."

ಅವಳು ಕೊನೆಯ ಹಾಳೆಯನ್ನು ತೆಗೆದು ಕೊಟ್ಟಳು. ಅವರು ಕನ್ನಡಕವನ್ನು ಹಣೆಗೆ ಏರಿಸಿ ಹಿಡಿದುಕೊಂಡು ಓದಿದರು. "ಅವಳು ಹೇಳಿದಳು" ಎನ್ನುವುದರ ಕೆಳಗೆ, ನಕ್ಷತ್ರ ಇದ್ದ ಜಾಗದಲ್ಲಿ, ಒಂದು ಸಾಲು: "ಹಸಿವಾಗ್ತಿದೆ. ಕೂತು ಊಟ ಮಾಡೋಣ."

ಮೇಷ್ಟ್ರು ಅದನ್ನು ಎಷ್ಟು ಹೊತ್ತು ನೋಡಿದರೆಂದರೆ, ಅಷ್ಟರಲ್ಲಿ ಜನ ಎಲ್ಲ ಇಳಿದು ಬಸ್ಸು ಖಾಲಿಯಾಯಿತು. ಆಮೇಲೆ ನಕ್ಕರು. ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು.

"ಐದು ಪುಸ್ತಕ ಎಲೆ ಹಾಕಿಸಿದೀನಿ ಅವಳಿಗೆ. ಹಸಿವಿರುತ್ತೆ ಅಂತ ನಂಗೆ ಹೊಳೀಲೇ ಇಲ್ಲ ನೋಡಿ."

"ನಿಮಗೆ ಹೇಗೆ ಹೊಳೀಬೇಕು," ಎಂದಳು ಗೌರಿ.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಗೋಡೆಯ ಬದಿ ಒಂದು ಮೇಜು ಖಾಲಿ ಇತ್ತು. ಅವಳು ಎದುರುಬದುರು ಕೂತು ತಿಂದು ಎಷ್ಟು ಕಾಲವಾಗಿತ್ತೋ, ಕೈ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ದೋಸೆಯ ಜೊತೆ ಒಂದು ವಡೆ ಬಂತು. ಮೇಷ್ಟ್ರು ಅದನ್ನು ಮುರಿದು ದೊಡ್ಡ ತುಂಡನ್ನು ಅವಳ ತಟ್ಟೆಗೆ ಹಾಕಿ, "ಚಿಕ್ಕದು ಇವತ್ತು ನಂಗೆ," ಎಂದರು.

ಅವಳು ತಲೆ ಎತ್ತಲಿಲ್ಲ. ನಿಧಾನವಾಗಿ ತಿಂದಳು.

"ಇನ್ನೊಂದು ಸರಣಿ ಶುರು ಮಾಡ್ಲಾ?" ಅವರು ಕೇಳಿದರು. "ಗುರುವಾರಕ್ಕೆ ಏನಾದ್ರೂ ಬೇಕಲ್ಲ."

"ಅಷ್ಟೆಲ್ಲ ಕಷ್ಟ ಯಾಕೆ? ಐದು ಪುಸ್ತಕ ಬರೆದು ಸಾಕಾಗಿಲ್ವಾ?" ಗೌರಿ ಈಗ ಅವರನ್ನು ನೋಡಿದಳು. "ಸುಮ್ಮನೆ ಬನ್ನಿ."

ಮೇಷ್ಟ್ರು ಲೋಟ ಎತ್ತಿದವರು ಕುಡಿಯದೆ ಕೆಳಗಿಟ್ಟರು. "ಬತ್ತೀನಿ," ಎಂದರು. ಪುಸ್ತಕದ ಭಾಷೆ ಅವರ ಬಾಯಿಂದ ಪೂರ್ತಿ ಜಾರಿಹೋಗಿತ್ತು.

ಸಂಜೆ ಆರೂವರೆಗೆ ನಂಜನಗೂಡಿಗೆ ಹೋಗುವ ಕೊನೆಯ ಬಸ್ಸು ಹಾರನ್ ಬಾರಿಸಿತು. ಬಾಗಿಲಲ್ಲಿ ನಿಂತ ನಿಂಗರಾಜು ಹೋಟೆಲಿನ ಕಡೆ ಒಮ್ಮೆ ಬಗ್ಗಿ ನೋಡಿ, ಡ್ರೈವರಿಗೆ ಹೇಳಿದ:

"ಇನ್ನೈದ್ ನಿಮಿಸ ತಡೀರಣ್ಣ. ಊಟಕ್ಕೆ ಕೂತವ್ರೆ."